ರುಚಿ ನೋಡಿದ್ದು ಊಟ ಅಲ್ಲ ಅಂದ ಅಜ್ಜಿಗೆ

ಅಜ್ಜಿ, ಸೌಟು ಕೆಳಗಿಡು. ಬಾಯಿಗೆ ಇಡಬೇಡ. ಸಾರಿಗೆ ಹಲ್ಲಿ ಬಿದ್ದಿದೆ.

ಇಟ್ಟೆಯಾ? ಸರಿ. ಹಲ್ಲಿ ಗಿಲ್ಲಿ ಏನೂ ಬಿದ್ದಿಲ್ಲ. ಸಾರು ಚೆನ್ನಾಗೇ ಇದೆ, ಚೆಲ್ಲೋಕೆ ಹೋಗಬೇಡ. ಆ ಹಲ್ಲಿ ನಾನು ಹುಟ್ಟಿಸಿದ್ದು. ನಿನ್ನ ಕೈಯಿಂದ ಸೌಟು ಬಿಡಿಸೋಕೆ ನನಗೆ ಬೇರೆ ದಾರಿ ಕಾಣಲಿಲ್ಲ. ಈಗ ಕೈ ಒರೆಸಿಕೊಂಡು, ಒಲೆ ಸಣ್ಣ ಮಾಡಿ, ಆ ಸ್ಟೂಲ್ ಎಳಕೊಂಡು ಕೂತು ಓದು.

ದಾವಣಗೆರೆ, ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಇಪ್ಪತ್ತೊಂದು. ತಾರೀಖು ತಪ್ಪಿಲ್ಲ. ಪಾಪ ಫೆಬ್ರವರಿ ಎಷ್ಟು ಕಾಲ ಬಡಕಲಾಗೇ ಇರಬೇಕು ಅಂತ ನಮ್ಮ ಕಾಲದವರು ಎರಡು ದಪ್ಪ ತಿಂಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನಿನ್ನ ಡಾಕ್ಟರು ಹೊಟ್ಟೆ ಕೊಯ್ದು ನಿನ್ನನ್ನ ಸಣ್ಣ ಮಾಡಿದ್ದಕ್ಕೆ ತಿರುಗಾಮುರುಗಾ. ಕಾಗದದಲ್ಲಿ ನಿನಗೆ ಗೊತ್ತಿಲ್ಲದ ಒಂದೆರಡು ಮಾತು ಬರ್ತವೆ, ಬೇಜಾರು ಮಾಡ್ಕೋಬೇಡ, ಬಂದ ಕಡೆ ಬಿಡಿಸಿ ಹೇಳ್ತೀನಿ. ಈ ಕಾಗದ ಬಂದಿದ್ದು ಹಿಂದಂಚೆಯಲ್ಲಿ. ಅಂದ್ರೆ ಮುಂದಿನವರು ಹಿಂದಿನವರಿಗೆ ಬರೆಯೋ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಅಲ್ಲಿನ ಗುಮಾಸ್ತ ಓದಿ ನೋಡಿ, ಬಂಗಾರದ ರೇಟು, ಎಲೆಕ್ಷನ್ನು, ಯಾರು ಯಾವಾಗ ಹೋಗ್ತಾರೆ ಅನ್ನೋದು ಇದ್ದರೆ ಮಸಿ ಬಳೀತಾನೆ. ಅಡುಗೆಮನೆ ವಿಷಯ ಬಂದ ಕಡೆ ಮಾತ್ರ ಓದದೇ ಸೀಲು ಒತ್ತುತಾನೆ. ಅಡುಗೆಮನೆಯಲ್ಲಿ ಏನೂ ನಡೆಯಲ್ಲ ಅಂದ್ಕೊಂಡಿದ್ದಾನೆ.

ನಾನು ಗುಡ್ಡಪ್ಪ, ನಿನ್ನ ಮೊಮ್ಮಗ. ನಗಬೇಡ, ನಾನು ಹುಟ್ಟೋ ಹೊತ್ತಿಗೆ ಹಳೇ ಹೆಸರೇ ಫ್ಯಾಷನ್ ಆಗಿತ್ತು. ನಿನ್ನ ಮಗಳು ಇಂಚರ ಇದಾಳಲ್ಲ, ಈಗ ಪಿಯುಸಿ ಓದ್ತಾ ಮದುವೆ ಅಂದ್ರೆ ಬಾಗಿಲು ಧಡಾರನೆ ಹಾಕೋಳು, ಅವಳೇ ನನ್ನವ್ವ. ಅವಳಿಗೆ ಈ ಕಾಗದ ತೋರಿಸಬೇಡ. ನಿನಗೆ ಈಗ ನಲವತ್ತನಾಲ್ಕು, ನನಗೆ ಎಂಬತ್ತಮೂರು. ವಯಸ್ಸಲ್ಲಿ ನಾನೇ ದೊಡ್ಡವನು, ಆದರೂ ಬೈಯೋ ಹಕ್ಕು ನಿನ್ನದೇ.

ಇಲ್ಲಿ ನಾವು ಚೆನ್ನಾಗಿದ್ದೀವಿ. ನಡುಹಗಲಲ್ಲಿ ಬಿಸಿಲಿಗೆ ಹೆದರಿ ಊರು ಬಾಗಿಲು ಹಾಕುತ್ತೆ, ಅದಕ್ಕೇ ಬೆಳಿಗ್ಗೆ ಮತ್ತು ಸಂಜೆ ಎಲ್ಲರೂ ನೆರಳುದಾರಿಗೆ ಇಳೀತಾರೆ. ಬೇವು, ಹೊಂಗೆ ಎರಡೂ ಕಡೆಯಿಂದ ಬಾಗಿ ಚಪ್ಪರ ಕಟ್ಟಿದ ದಾರಿ ಅದು, ಗಾಡಿಗೆ ಪ್ರವೇಶ ಇಲ್ಲ. ತರಕಾರಿ ತರೋಕೂ ನಡಿಗೆ, ಜಗಳ ಆಡೋಕೂ ನಡಿಗೆ. ಈಗ ತೂಕ ಇಳಿಸೋಕೆ ಯಾರ ಹೊಟ್ಟೆನೂ ಕೊಯ್ಯಲ್ಲ. ತೋಳಿಗೆ ಹಸಿವುಗುಂಡಿ ಅಂತ ಹಚ್ಚುತಾರೆ, ಅಂಗಿ ಗುಂಡಿಯಷ್ಟೇ ಇರುತ್ತೆ, ಹೊಟ್ಟೆಗೆ ಆದ ಹಸಿವು ಯಾವುದು, ಬಾಯಿಗೆ ಆದ ಹಸಿವು ಯಾವುದು ಅಂತ ಹೇಳುತ್ತೆ. ನಮ್ಮ ಬೀಗರದ್ದನ್ನ ನಾನು ಕದ್ದು ನಾಯಿಗೆ ಹಚ್ಚಿದ್ದೆ. ಮೂರು ದಿನ ಆ ಗುಂಡಿ ಎಲ್ಲಾ ಹಸಿವೂ ಹೊಟ್ಟೆಯದೇ ಅಂತು. ಆದರೆ ಗುಂಡಿ ತೆಗೆದ ಮೇಲೆ ನಮ್ಮವರಿಗೂ ನಿನ್ನದೇ ಕಷ್ಟ. ತೂಕ ಇಳಿಸೋದು ಒಂದು ವರ್ಷದ ಕೆಲಸ, ಇಳಿದದ್ದನ್ನ ಅಲ್ಲೇ ಕೂರಿಸೋದು ಉಳಿದ ವರ್ಷಗಳ ಕೆಲಸ. ಅದಕ್ಕೇ ಈಗ ಮನೆಮನೆಯಲ್ಲೂ ಕೂತೂಟ ಅಂತ ಒಂದು ಪದ್ಧತಿ ಇದೆ. ತಟ್ಟೆ ಹಾಕಿ, ಕೂತು, ತಿಂದದ್ದು ಮಾತ್ರ ಊಟ. ನಿಂತು ತಿಂದದ್ದು ಕಳ್ಳತನ. ಇದನ್ನ ಶುರು ಮಾಡಿದ್ದು ಯಾರು ಅಂತ ಊರಿಗೆ ಗೊತ್ತಿಲ್ಲ. ನನಗೆ ಗೊತ್ತು. ಈಗ ಸ್ಟೂಲ್ ಮೇಲೆ ಕೂತಿದ್ದಾಳೆ.

ನಿನ್ನ ಕಥೆ ನನಗೆ ಬಾಯಿಪಾಠ. ಎರಡು ವರ್ಷದ ಹಿಂದೆ ಹೊಟ್ಟೆ ಸಣ್ಣ ಮಾಡೋ ಆಪರೇಷನ್ ಆದಾಗ ನೂರಾ ಹದಿನೆಂಟು ಕಿಲೋ ಇದ್ದೆ. ಎಪ್ಪತ್ತನಾಲ್ಕಕ್ಕೆ ಇಳಿದೆ. ಮಂಡಿ ಹಿಡಿಯದೇ ಮಹಡಿ ಹತ್ತಿ, ನೀನು ಅಡುಗೆ ಮಾಡೋ ಕಲ್ಯಾಣ ಮಂಟಪದ ಮೇಲಿನ ಹಾಲ್ ನೋಡಿದ್ದು ಆವಾಗಲೇ ಮೊದಲು. ಈಗ ಎಂಬತ್ತಮೂರು. ಒಂಬತ್ತು ಕಿಲೋ ವಾಪಸ್ ಬಂತು, ಆಪರೇಷನ್ ದಂಡ ಆಯ್ತು ಅಂತ ಒಬ್ಬಳೇ ಅಂದ್ಕೋತಿದ್ದೀಯ. ಮದುವೆ ಸೀಸನ್ನು ಡಾಕ್ಟ್ರೇ ಅಂತ ಎರಡು ಸಲ ತಪಾಸಣೆ ತಪ್ಪಿಸಿದ್ದೀಯ, ಈ ಬುಧವಾರದ್ದೂ ತಪ್ಪಿಸೋ ಯೋಚನೆ ಇದೆ. ತೂಕ ನೋಡಿಸ್ಕೊ ಅಂದ್ರೆ ತೂಕಡಿಸೋ ನಾಟಕ ಮಾಡ್ತೀಯ.

ನಿನ್ನ ಊಟದ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ, ಅರಿಶಿನದ ಬೆರಳಚ್ಚಿನ ಸಮೇತ. ಒಂದು ಸುಳ್ಳೂ ಬರೆದಿಲ್ಲ ನೀನು. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಅರ್ಧ ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಊಟದ ಜೊತೆ ನೀರಿಲ್ಲ, ವಿಟಮಿನ್ ಮಾತ್ರೆ ತಗೊಂಡೆ. ಎಲ್ಲಾ ಸರಿ. ಆದರೆ ಅಜ್ಜಿ, ನೀನು ಎಂಟುನೂರು ಜನಕ್ಕೆ ಅಡುಗೆ ಮಾಡೋಳು. ಒಂದು ಮದುವೆ ಬೆಳಿಗ್ಗೆ ಸಾರು ನಾಲ್ಕು ಸಲ ಅಂಗೈಗೆ ಬಿತ್ತು. ಪಲ್ಯ ಎರಡು ಸಲ. ಹೂರಣ ಹದ ಬಂತಾ ಅಂತ ಒಂದು ಉಂಡೆ, ಹದ ಬಂದಿದೆ ಅಂತ ಖುಷಿಗೆ ಇನ್ನೊಂದು. ಪಾಯಸ ಸಣ್ಣ ಲೋಟದಲ್ಲಿ. ಇದು ಯಾವುದೂ ನೋಟ್‌ಬುಕ್ಕಲ್ಲಿ ಇಲ್ಲ, ಯಾಕಂದ್ರೆ ನಿನ್ನ ಪ್ರಕಾರ ರುಚಿ ನೋಡಿದ್ದು ಊಟ ಅಲ್ಲ. ಡಾಕ್ಟರು ನಿನ್ನ ಹೊಟ್ಟೆಗೆ ಗಿಡ್ಡ ಬಾಗಿಲು ಇಟ್ಟುಕೊಟ್ಟರು, ದೊಡ್ಡ ಮೂಟೆ ಒಳಗೆ ಹೋಗದ ಹಾಗೆ. ನೀನು ಆ ಬಾಗಿಲನ್ನ ಬೆಳಗಿಂದ ಸಂಜೆವರೆಗೂ ತೆರೆದಿಟ್ಟು ಹಿಡಿ ಹಿಡಿಯಾಗಿ ಒಳಗೆ ಬಿಟ್ಟೆ. ಸಾರಿನ ವಿಷಯ ಇಷ್ಟು ಸಾರಿ ಸಾರಿ ಹೇಳಿದ್ದಕ್ಕೆ ಸಾರಿ.

ನಿನ್ನ ಭಯ ನನಗೆ ಗೊತ್ತು. ಕೊಟ್ರಮ್ಮನ ಸಾರು ಅಂದ್ರೆ ಊರಲ್ಲಿ ಒಂದು ಹೆಸರಿದೆ. ಬರೋ ಭಾನುವಾರ ಆ ದೊಡ್ಡ ಮದುವೆ. ರುಚಿ ನೋಡೋದು ಬಿಟ್ಟರೆ ಕೈ ತಪ್ಪುತ್ತೆ, ಕೈ ತಪ್ಪಿದರೆ ಹೆಸರು ಹೋಗುತ್ತೆ. ಹಬ್ಬದ ದಿನ ದೇವರ ಎಡೆಗೆ ಒಂದು ಹನಿ ನಾಲಿಗೆಗೆ ತಾಗಿಸದೇ ಅಷ್ಟೂ ಅಡುಗೆ ಮಾಡ್ತೀಯಲ್ಲ, ಅದು ಯಾವತ್ತು ಕೆಟ್ಟಿದೆ ಅಂತ ನಾನು ಒಮ್ಮೆ ಕೇಳಿದ್ದೆ. ನೀನು ಏನಂದೆ ಗೊತ್ತಾ? "ದೇವರು ಉಪ್ಪು ಕಮ್ಮಿ ಅಂತ ಎಲೆ ಬಿಟ್ಟು ಏಳಲ್ಲ ಕಣೋ, ಬೀಗರು ಏಳ್ತಾರೆ."

ಅದಕ್ಕೇ ಕೇಳಿಕೊಳ್ಳೋದು, ಭಾನುವಾರ ಸೌಟನ್ನ ಹಾಲವ್ವನ ಕೈಗೆ ಕೊಡು. ಹೌದು, ನಿನ್ನ ವಾರಗಿತ್ತಿ ಹಾಲವ್ವನೇ. ಹದಿನೆಂಟು ವರ್ಷದಿಂದ ನೀನು ಏನು ಮಾಡಿಟ್ಟರೂ "ಉಪ್ಪು ಒಂಚೂರು ಕಮ್ಮಿ ಐತಿ ನೋಡವ್ವ" ಅನ್ನೋ ಹಾಲವ್ವ. ನಿನ್ನ ಹೊಟ್ಟೆ ಸಣ್ಣದಾಯ್ತು, ಆದರೆ ಅವಳ ಮೇಲಿನ ಹೊಟ್ಟೆಕಿಚ್ಚು ಒಂದು ಗ್ರಾಮೂ ಇಳಿಲಿಲ್ಲ. ಆ ಬಾಯಿಗೆ ಒಂದು ಉದ್ಯೋಗ ಕೊಡು. ಕೊಟ್ಟೇ ಕೊಟ್ಟೆ ನೀನು. ಮೂವತ್ತೆರಡು ವರ್ಷ ಅವಳೇ ನಿನ್ನ ಪರನಾಲಿಗೆ. ಅಡುಗೆಯವರ ಬದಲಿಗೆ ರುಚಿ ನೋಡೋರಿಗೆ ಈಗ ಎಲ್ಲರೂ ಹಾಗೇ ಅಂತಾರೆ, ಮಾತು ಹುಟ್ಟಿದ್ದು ನಿನ್ನ ಒಲೆ ಮುಂದೆ. ಮೊದಲ ದಿನ ಅವಳು ಸೌಟು ತಗೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಚಪ್ಪರಿಸಿ, "ಸರಿಯಾಗೈತಿ" ಅಂದಳಂತೆ. ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು. ನೀವಿಬ್ಬರೂ ಅವತ್ತು ನಕ್ಕಿದ್ದನ್ನ ಪಾತ್ರೆ ತೊಳೆಯೋರು ಮುದುಕರಾಗೋವರೆಗೂ ಹೇಳ್ತಿದ್ದರು.

ಅಷ್ಟು ಗರ್ವದ ಹೆಂಗಸು ವಾರಗಿತ್ತಿಗೆ ಸೌಟು ಹೇಗೆ ಬಿಟ್ಟುಕೊಟ್ಟಳು ಅಂತ ಯಾರು ಕೇಳಿದರೂ, "ಯಾರೋ ಒಬ್ಬ ಮುದುಕ ಹೇಳಿದ" ಅಂತಿದ್ದೆ ನೀನು. ಯಾವ ಮುದುಕ ಅಂತ ನಾನು ಎಂಬತ್ತು ವರ್ಷ ತಲೆ ಕೆರೆದುಕೊಂಡೆ. ಹೋದ ವಾರ ಹಿಂದಂಚೆ ಕಚೇರಿಯ ಸಾಲಲ್ಲಿ ನಿಂತಾಗ, ಮುಂದಿನ ಗಾಜಲ್ಲಿ ನನ್ನ ಮುಖ ಕಾಣಿಸ್ತು.

ಬುಧವಾರ ಹೋಗು. ಡಾಕ್ಟರು ಬೈಯಲ್ಲ. ಸ್ವಲ್ಪ ವಾಪಸ್ ಬರೋದು ಬಹಳ ಜನಕ್ಕೆ ಆಗೋದೇ, ಅದನ್ನ ಹೇಳದೇ ಇರೋದೇ ತಪ್ಪು. ಆಹಾರದ ವಿಷಯ ನೋಡೋ ಮೇಡಂ ಇರ್ತಾರಲ್ಲ, ಅವರಿಗೆ ಆ ಹೂರಣದ ಎರಡನೇ ಉಂಡೆಯ ವಿಷಯನೂ ಹೇಳಿಬಿಡು. ಎಪ್ಪತ್ತನಾಲ್ಕನ್ನ ನೀನು ಮತ್ತೆ ನೋಡಲ್ಲ, ನಿಜ ಹೇಳ್ತೀನಿ. ತೂಕ ಎಪ್ಪತ್ತೇಳರ ಆಸುಪಾಸಲ್ಲಿ ಕೂತಿತು, ದಶಕಗಟ್ಟಲೆ ಅಲ್ಲೇ ಕೂತಿತು. ಒಂದು ಹಬ್ಬಕ್ಕೆ ಏರ್ತಿತ್ತು, ಮುಂದಿನ ಹುಣ್ಣಿಮೆಗೆ ಇಳೀತಿತ್ತು. ನೀನು ಎಷ್ಟು ಕಾಲ ಬಾಳಿದೆ ಅಂತ ಕರಡಲ್ಲಿ ಬರೆದಿದ್ದೆ, ಗುಮಾಸ್ತ ಮಸಿ ಬಳಿದು ವಾಪಸ್ ಕೊಟ್ಟ. ಆದರೆ ನನಗೆ ಇಪ್ಪತ್ತೆರಡು ಆದಾಗ ನೀನು ಮೆಟ್ಟಿಲು ಹತ್ತಿ ಮೇಲಿನ ಹಾಲಿಗೆ ಹೋಗಿ, ಬಡಿಸೋರನ್ನ ಗದರಿಸ್ತಿದ್ದೆ. ಲೆಕ್ಕ ನೀನೇ ಹಾಕ್ಕೊ. ಭಾನುವಾರ ಸಂಜೆ ನಾವಿಬ್ಬರೂ ಒಂದು ಬೆಣ್ಣೆ ದೋಸೆ ಹೇಳಿ, ಎರಡು ತಟ್ಟೆ ಹಾಕಿಸಿಕೊಂಡು ಕೂರ್ತಿದ್ದೆವು. ನಿನ್ನ ಅರ್ಧ ನೀನು ಮೂವತ್ತು ನಿಮಿಷ ತಿಂತಿದ್ದೆ. ನನ್ನ ಅರ್ಧ ಮೂರು ನಿಮಿಷಕ್ಕೆ ಮುಗೀತಿತ್ತು, ಉಳಿದ ಇಪ್ಪತ್ತೇಳು ನಿಮಿಷ ನಿನ್ನ ತಟ್ಟೆ ನೋಡ್ತಾ ಕೂರ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಸುಖದ ಇಪ್ಪತ್ತೇಳು ನಿಮಿಷ ಬೇರೆ ಇಲ್ಲ.

ಇಷ್ಟು ಓದಿನೂ ನಿನ್ನ ಕಣ್ಣು ಸೌಟಿನ ಮೇಲೇ ಇದೆ ಅಂತ ಗೊತ್ತು. ಬೀಗರು ಏಳ್ತಾರೆ ಅನ್ನೋ ಭಯ ಹೋಗಿಲ್ಲ. ಹಾಗಾದ್ರೆ ಇದೊಂದು ಒಪ್ಪಿಸಿಬಿಡ್ತೀನಿ. ನೀನು ಇದ್ದಾಗ ಹೇಳೋಕೆ ಧೈರ್ಯ ಬರಲಿಲ್ಲ.

ಹಾಲವ್ವಜ್ಜಿ ಆದಮೇಲೆ ಪರನಾಲಿಗೆ ಕೆಲಸ ನನಗೆ ಬಂತು. ಎರಡನೇ ವರ್ಷ ಒಂದು ಜ್ವರ ಬಂದು, ಹೋಗುವಾಗ ನನ್ನ ನಾಲಿಗೆಯ ರುಚಿ ಎಲ್ಲಾ ಹೊತ್ಕೊಂಡು ಹೋಯ್ತು. ಸಕ್ಕರೆನೂ ಮರಳು, ಉಪ್ಪೂ ಮರಳು. ಹೇಳಿದ್ದರೆ ಕೆಲಸ ಹೋಗ್ತಿತ್ತು, ಭಾನುವಾರದ ದೋಸೆನೂ ಹೋಗ್ತಿತ್ತು. ನಾನು ಹೇಳಲಿಲ್ಲ. ಸೌಟು ಬಾಯಿಗಿಟ್ಟು, ಹಾಲವ್ವಜ್ಜಿ ಥರಾನೇ ಕಣ್ಣು ಮುಚ್ಚಿದ ಹಾಗೆ ಮಾಡಿ, ರೆಪ್ಪೆ ಸಂದಿಯಿಂದ ನಿನ್ನ ಮೂಗು ನೋಡ್ತಿದ್ದೆ. ಹಬೆ ಮೂಸಿ ನೀನು ಮುಚ್ಚಳಕ್ಕೆ ಕೈ ಹಾಕಿದರೆ, "ಸರಿಯಾಗಿದೆ" ಅಂತಿದ್ದೆ. ಇನ್ನೂ ತಿರುವುತಾ ನಿಂತಿದ್ದರೆ, "ಏನೋ ಒಂಚೂರು ಬೇಕು ಅಜ್ಜಿ" ಅಂತಿದ್ದೆ. "ನನಗೂ ಹಂಗೇ ಅನ್ನಿಸ್ತು ನೋಡು" ಅಂತ ನೀನೇ ಏನೋ ಹಾಕ್ತಿದ್ದೆ.

ರುಚಿ ತಿರುಗಿ ಬರೋವರೆಗೆ ಮೂರು ತಿಂಗಳು, ಹತ್ತೊಂಬತ್ತು ಮದುವೆ. ಆ ಹತ್ತೊಂಬತ್ತು ಮದುವೆಯ ಸಾರನ್ನ ಎಲೆ ಮುಂದೆ ಕೂತವರು ಬಿಟ್ಟರೆ ಯಾರೂ ರುಚಿ ನೋಡಿರಲಿಲ್ಲ, ಅಜ್ಜಿ. ಬೀಗರು ಎರಡೆರಡು ಸಲ ಹಾಕಿಸಿಕೊಂಡರು.

ನಿನಗಿಂತ ಮೂವತ್ತೊಂಬತ್ತು ವರ್ಷ ದೊಡ್ಡವನಾದ ನಿನ್ನ ಮೊಮ್ಮಗ,
ಗುಡ್ಡಪ್ಪ