ಹುಣಸೆಹಣ್ಣಿನಲ್ಲಿ ತೊಳೆದ ಗುಂಡಿ

ಸೆಂಗ್‌ಕಾಂಗ್, ಸಿಂಗಪುರ
೧೮ ನವೆಂಬರ್ ೨೦೦೭, ಭಾನುವಾರ

ಪ್ರೀತಿಯ ಸುಮಂಗಲಾ,

ಶರಣು. ನಿನ್ನ ಎರಡು ಪತ್ರಗಳು ಅಡುಗೆಮನೆಯ ಕ್ಯಾಲೆಂಡರಿನ ಹಿಂದಿನಿಂದ ಇಣುಕಿ ದಿನವೂ ನನ್ನನ್ನು ನೋಡುತ್ತಿವೆ. ಹಬ್ಬವಿತ್ತು, ಕೆಲಸವಿತ್ತು ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಗದಗಿನ ಕಾಲೇಜಿನಲ್ಲಿ ನಿನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿತೆಂದು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು, ಸುಮಾ. ‘ಬಹಳ ಸಂತೋಷವಾಯಿತು’ ಎಂದು ಬರೆಯುವಷ್ಟು ಸಂತೋಷ ಕೂಡಿಬರಲು ಮೂರು ವಾರ ಹಿಡಿಯಿತು. ಈಗ ಬಂದಿದೆ. ಬಹಳ ಸಂತೋಷವಾಯಿತು, ಮೇಡಮ್ಮೋರೇ.

ಎಂ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು ನಾವು. ಒಬ್ಬಳು ಈಗ ಕರಿಹಲಗೆಯ ಮುಂದೆ ನಿಂತಿದ್ದಾಳೆ. ಇನ್ನೊಬ್ಬಳು ಹದಿನಾಲ್ಕನೆಯ ಮಹಡಿಯ ಕಿಟಕಿಯಲ್ಲಿ ಗಂಡನ ಅಂಗಿಗಳನ್ನು ಬಿದಿರುಕೋಲಿಗೆ ಪೋಣಿಸಿ ಹೊರಗೆ ಚಾಚುತ್ತಾಳೆ. ಕೆಳಗೆ ಎಲ್‌ಆರ್‌ಟಿ ರೈಲು ಸುತ್ತುತ್ತಲೇ ಇರುತ್ತದೆ. ಅದಕ್ಕೂ ನನಗೂ ಹೋಗುವ ಊರು ಅಂತ ಒಂದಿಲ್ಲ.

ನಾವು ಆರಾಮ ಇದ್ದೇವೆ. ಆಂಗ್ ಮೋ ಕಿಯೋದಲ್ಲಿರುವ ಇವರ ಆಫೀಸಿಗೆ ಪ್ರಾಜೆಕ್ಟುಗಳ ಮೇಲೆ ಪ್ರಾಜೆಕ್ಟು ಬರುತ್ತಿವೆ. ತಿಂಗಳಿಗೆ ನಾಲ್ಕೈದು ಜನ ಬೆಂಗಳೂರಿನಿಂದ ಹೊಸದಾಗಿ ಬಂದಿಳಿಯುತ್ತಾರೆ. ಹಾಗೆ ಈ ವರ್ಷ ಬಂದವಳು ಮೈಥಿಲಿ. ಮೈಸೂರಿನವಳು, ಇವರದೇ ಟೀಮು. ಗಂಡ ಅಜಯ್ ಭಾನುವಾರ ಹನ್ನೊಂದರವರೆಗೆ ಏಳುವುದಿಲ್ಲವಂತೆ. ಇವಳು ಐದಕ್ಕೇ ಎದ್ದು ಕೂರುವವಳು. ಮೆಟಲ್ ಡಿಟೆಕ್ಟರ್ ಎಂಬ ಹುಚ್ಚು ಇವರಿಗೆ ಹಚ್ಚಿದವಳು ಅವಳೇ.

ಅದೊಂದು ಉದ್ದನೆಯ ಕೋಲು, ತುದಿಗೆ ತಟ್ಟೆ. ಮರಳಿನ ಮೇಲೆ ಆಡಿಸುತ್ತ ಹೋದರೆ ಲೋಹವಿದ್ದಲ್ಲಿ ಕುಂಯ್ ಎನ್ನುತ್ತದೆ. ಭಾನುವಾರ ಬೆಳಗಾಗುವ ಮೊದಲೇ ಇಬ್ಬರೂ ಚಾಂಗಿಯ ಕಡಲತೀರಕ್ಕೆ ಹೋಗುತ್ತಾರೆ. ಮೊದಮೊದಲು ತಂಪುಪಾನೀಯದ ಡಬ್ಬಿಯ ಮುಚ್ಚಳಗಳೇ ಸಿಗುತ್ತಿದ್ದವು. ಆಮೇಲೆ ಗುಂಡಿಗಳು ಸಿಗತೊಡಗಿದವು, ಯಾರದೋ ಕೋಟಿನವು, ಷರಾಯಿಯವು. ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಪೇಪರು ಹಾಸಿ ಅವನ್ನು ಹರವಿಕೊಳ್ಳುತ್ತಾರೆ. ಯಾವ ಲೋಹ, ಯಾವ ಕಾಲದ್ದು ಎಂದು ಪತ್ತೆ ಹಚ್ಚುವ ಆಟ. ನಾನು ರೊಟ್ಟಿ ಬಡಿಸುತ್ತೇನೆ.

ಒಂದು ಸಲ ಬೂದುಬಣ್ಣದ ಗುಂಡಿಯೊಂದು ಸಿಕ್ಕಿತ್ತು.

“ಯೋಗಿ, ಇದು ಸಿಲ್ವರೇ! ವೇಟ್ ನೋಡಿ, ಫೀಲ್ ಮಾಡಿ” ಎಂದಳು.

“ಹೌದಲ್ವಾ? ಎಷ್ಟು ಭಾರ ಇದೆ!” ಎಂದರು ಇವರು.

ಸುಮಾ, ಶಿವಯೋಗೀಶ ಎಂದು ಅವರ ಅವ್ವ ಅನ್ನಪೂರ್ಣವ್ವ ಬಾಯಿತುಂಬ ಕರೆಯುವ ಹೆಸರನ್ನು ಅವಳು ಅರ್ಧಕ್ಕೆ ಮುರಿದು ‘ಯೋಗಿ’ ಮಾಡಿಕೊಂಡಿದ್ದಾಳೆ. ಹುಟ್ಟಿದಾಗಿನಿಂದ ‘ಐತಿ’ ಎಂದವರು ಅವಳೆದುರು ‘ಇದೆ’ ಎನ್ನುತ್ತಾರೆ. ಅವಳು ಲಿಫ್ಟು ಹತ್ತಿ ಹೋದ ಕೂಡಲೇ, “ಅಕ್ಷತಾ, ಇನ್ನೊಂದ್ ರೊಟ್ಟಿ ಐತೇನ?” ನನಗೆ ಉಳಿಯುವುದು ಆ ‘ಐತಿ’ ಮಾತ್ರ.

ಅದು ಬೆಳ್ಳಿಯಲ್ಲವೆಂದು ನನಗೆ ನೋಡಿದೊಡನೆ ಅನ್ನಿಸಿತ್ತು. ಬೆಳ್ಳಿ ಇಷ್ಟು ವರ್ಷ ಉಪ್ಪುನೀರಿನಲ್ಲಿದ್ದರೆ ಕಪ್ಪಾಗಬೇಕು. ಆದರೆ ಬಾಯಿ ಬರಲಿಲ್ಲ. ನಿನಗೆ ನನ್ನ ಬಾಯಿ ಗೊತ್ತಲ್ಲ, ಸೆಮಿನಾರಿನಲ್ಲಿ ನನ್ನ ಪ್ರಬಂಧವನ್ನೂ ನೀನೇ ಓದಿದ್ದೆ. ಅವಳು ಹೋದ ಮೇಲೆ ಗುಂಡಿಯನ್ನು ಪೇಪರಿನ ಅಂಚಿಗೆ ಉಜ್ಜಿದೆ. ಪೆನ್ಸಿಲಿನಂಥ ಬೂದು ಗೆರೆ ಮೂಡಿತು. ಸೀಸ ಬೆರೆಸಿದ ತವರ. ಅಷ್ಟರಲ್ಲಿ ನಾನು ಆಂಗ್ ಮೋ ಕಿಯೋ ಲೈಬ್ರರಿಯಿಂದ ಹಳೆಯ ಗುಂಡಿಗಳ ಬಗ್ಗೆ ಒಂದು ಪುಸ್ತಕ ತಂದು, ಇವರು ಆಫೀಸಿಗೆ ಹೋದ ಮೇಲೆ ಓದತೊಡಗಿದ್ದೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣವಿದೆ. ಹಿಂದಿನ ಕೊಂಡಿ ಗುಂಡಿಯ ಜೊತೆಗೇ ಎರಕವಾಗಿದೆಯೋ, ತಂತಿ ಬಗ್ಗಿಸಿ ಬೆಸೆದದ್ದೋ ನೋಡಬೇಕು. ಹಿಂಬದಿಯಲ್ಲಿ ಅಕ್ಷರಗಳಿದ್ದರೆ ಕಾಲ ಹೇಳುವುದು ಅವೇ. ಹಳಗನ್ನಡ ಶಾಸನ ಓದಲು ಕಲಿತವಳಿಗೆ ಇದೇನು ದೊಡ್ಡದು? ಓದುತ್ತ ಎಷ್ಟೋ ದಿನಗಳ ಮೇಲೆ ನಾನು ಸುಖವಾಗಿದ್ದೆ.

ರಾತ್ರಿ ತಟ್ಟೆ ಒರೆಸುತ್ತ ಇವರಿಗೆ ಹೇಳಿದೆ. “ಹೌದೇನ? ಛಲೋ ಆತು” ಎಂದರು. ಮುಂದಿನ ಭಾನುವಾರ ತೀರದಿಂದ ಬಂದವರೇ ಚಪ್ಪಲಿ ಬಿಡುತ್ತ, “ಅಕ್ಷತಾ, ಮೈಥಿಲಿ ಹೇಳಿದ್ರು, ಅದು ಬೆಳ್ಳಿ ಅಲ್ಲಂತ. ಸೀಸಾ ಕೂಡಿಸಿದ ತವರಂತ. ಪೇಪರ್‌ಗೆ ತಿಕ್ಕಿದ್ರ ಗೆರಿ ಬೀಳತೈತಂತ. ಭಾಳ ಶಾಣ್ಯಾ ಹೆಂಗಸು” ಎಂದರು!

ಇವರು ಸುಳ್ಳು ಹೇಳುವವರಲ್ಲ. ನಿಜವಾಗಿಯೂ ಮರೆತಿದ್ದರು. ನನ್ನ ಮಾತನ್ನು ಅವಳಿಗೆ ಇವರೇ ಹೇಳಿರಬೇಕು, ಅವಳು ಉಜ್ಜಿ ನೋಡಿ ಹೌದೆಂದಿರಬೇಕು. ಮಾತು ಚಾಂಗಿಯವರೆಗೆ ಹೋಗಿ ಅವಳ ಹೆಸರು ಹಚ್ಚಿಕೊಂಡು ನನ್ನ ಮನೆಗೇ ತಿರುಗಿ ಬಂತು. ಅವತ್ತಿನಿಂದ ನಾನು ಏನೂ ಹೇಳಲಿಲ್ಲ.

ಈಗ ದೀಪಾವಳಿಯ ಸಂಗತಿ. ನಾಲ್ಕನೆಯ ತಾರೀಕು ಭಾನುವಾರ ಒಂದು ದೊಡ್ಡ ಗುಂಡಿ ಸಿಕ್ಕಿತು. ನಮ್ಮ ಹಳೆಯ ಎಂಟಾಣೆಯಷ್ಟು ಅಗಲ, ಎರಡೂ ಕಡೆ ಹಸಿರು ಕಿಲುಬು. ಆದರೆ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚಿನ್ನದ ಹೊಳಪಿತ್ತು. ಇಬ್ಬರೂ ಕುಣಿದಾಡಿದರು. “ಹಿಂದ್ಗಡೆ ಏನೋ ಬರೆದಿದೆ ಯೋಗಿ, ಆದ್ರೆ ಅರ್ಜೆಂಟ್ ಮಾಡ್ಬೇಡಿ, ನೆಕ್ಸ್ಟ್ ಸಂಡೇ ಒಳ್ಳೇ ಲೆನ್ಸ್ ತರ್ತೀನಿ” ಎಂದಳು ಮೈಥಿಲಿ. ಡಿಸೆಂಬರಿನಲ್ಲಿ ಈ ಡಿಟೆಕ್ಟರ್ ಹುಚ್ಚಿನ ಗುಂಪಿನವರು ಕಮ್ಯುನಿಟಿ ಕ್ಲಬ್ಬಿನಲ್ಲಿ ಸಿಕ್ಕಿದ ವಸ್ತುಗಳನ್ನೆಲ್ಲ ಇಟ್ಟು ತೋರಿಸುತ್ತಾರೆ. ಪ್ರತಿಯೊಂದರ ಕೆಳಗೂ ಲೋಹ, ಕಾಲ ಬರೆದ ಚೀಟಿ ಇರಬೇಕು. ಇವರು ಗುಂಡಿಯನ್ನು ಹತ್ತಿ ಹಾಸಿದ ಬಟ್ಟಲಲ್ಲಿಟ್ಟು, ತೇವ ತಾಗದಿರಲೆಂದು ದೇವರ ಗೂಡಿನಲ್ಲಿ ಆರತಿ ತಟ್ಟೆಯ ಪಕ್ಕ ಇಟ್ಟರು. ನನಗೆ ಏನೂ ಹೇಳಲಿಲ್ಲ. ಹೇಳುವುದನ್ನೆಲ್ಲ ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದರು.

ಬುಧವಾರ ಹಬ್ಬದ ಮುನ್ನಾದಿನ. ನಮ್ಮ ಮನೆಗಳ ಪದ್ಧತಿ ಗೊತ್ತಲ್ಲ, ದೇವರ ಗೂಡಿನಲ್ಲಿರುವ ಹಿತ್ತಾಳೆಯೆಲ್ಲ ಹುಣಸೆಹಣ್ಣು, ಉಪ್ಪು ಕಂಡು ಹೊಳೆಯಬೇಕು. ಅತ್ತೆ ಊರಿನಿಂದ ಕಳಿಸಿದ್ದ ಹುಣಸೆಹಣ್ಣು ನೆನೆಹಾಕಿ ದೀಪದ ಸಮೆ, ತಂಬಿಗೆ, ಗಂಟೆ, ಆರತಿ ತಟ್ಟೆ ಎಲ್ಲ ತಿಕ್ಕಿದೆ. ಅವುಗಳ ಜೊತೆಗೆ, ಗೊತ್ತಾಗದೆ, ಗುಂಡಿಯನ್ನೂ ತಿಕ್ಕಿಬಿಟ್ಟೆ.

ಮರುದಿನ ಮೈಥಿಲಿ, ಅಜಯ್ ಊಟಕ್ಕೆ ಬಂದಿದ್ದರು. ಇವರು ಸಡಗರದಿಂದ ಬಟ್ಟಲು ತಂದು ನೋಡಿದರೆ ಹತ್ತಿಯ ಮೇಲೆ ಹೊಚ್ಚಹೊಸ ಗುಂಡಿ. ಹಿಂದೆ ಒಂದೂ ಅಕ್ಷರವಿಲ್ಲ. ಸವೆದ ಲೋಹದಲ್ಲಿ ಅಕ್ಷರಗಳನ್ನು ಹಿಡಿದಿಟ್ಟದ್ದೇ ಆ ಕಿಲುಬು. ಕಿಲುಬಿನ ಜೊತೆ ಅವೂ ಸಿಂಕಿನಲ್ಲಿ ಹರಿದುಹೋದವು.

“ಅಯ್ಯ, ಏನ್ ಮಾಡಿದಿ ಅಕ್ಷತಾ!”

“ದೀಪಾ ತೊಳಿಯಾಕತ್ತಿದ್ನಿರೀ… ಇದೂ ಹಿತ್ತಾಳಿ ಅಂತ…”

ಇವರ ಮುಖ ಸಣ್ಣದಾಯಿತು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮೈಥಿಲಿ ಎದ್ದು ಬಂದು ನನ್ನ ಹೆಗಲು ಹಿಡಿದಳು. “ಪಾಪ, ಅವ್ರಿಗೆ ಹೇಗೆ ಗೊತ್ತಾಗ್ಬೇಕು ಯೋಗಿ? ಟೆನ್ಷನ್ ಮಾಡ್ಕೋಬೇಡಿ ಅಕ್ಷತಾ, ನಮ್ಮಮ್ಮ ಆಗಿದ್ರೂ ಹೀಗೇ ಮಾಡೋರು.”

“ಈಗ ಬ್ಲೇಜರಿಗೇ ಹಾಕ್ಕೋಬಹುದು, ಶೈನಿಂಗ್ ಲಾ!” ಎಂದ ಅಜಯ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅತ್ತೆಗೆ ಫೋನಿನಲ್ಲಿ ಸುದ್ದಿ ಮುಟ್ಟಿದಾಗ, “ಹಿತ್ತಾಳಿ ತೊಳದಾಳ, ತೊಳೀಲಿಕ್ಕೇ ಇರೂದದು. ದೇವರ ಗೂಡಿನ್ಯಾಗ ಮಂದಿ ಅಂಗಿಗುಂಡಿ ಇಟ್ಟವಾ ನೀನಽ ಅಲ್ಲೇನೋ?” ಎಂದು ಮಗನಿಗೇ ಬಯ್ದರು. ಮನೆಯವರಲ್ಲಿ ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ. ಅವರ ಕಾಲಿಗೆ ಬೀಳಬೇಕೆನಿಸಿತು, ತಲೆ ಎತ್ತಲಾಗದ ಕಾರಣಕ್ಕೆ.

ಹತ್ತು ದಿನದಿಂದ ಇವರು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಗುಂಡಿಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿಯುತ್ತಾರೆ. ಓರೆ ಮಾಡುತ್ತಾರೆ, ಲೆನ್ಸ್ ಇಡುತ್ತಾರೆ, ಉಗುರಿನಿಂದ ತಡವುತ್ತಾರೆ. ನಿನ್ನೆ ಪ್ರದರ್ಶನಕ್ಕೆ ಚೀಟಿ ಬರೆದಿಟ್ಟರು, ‘ಹಿತ್ತಾಳೆ, ಚಿನ್ನದ ಲೇಪವಿದ್ದಿರಬಹುದು. ಕಾಲ ತಿಳಿಯದು’. ಇವತ್ತೂ ಚಾಂಗಿಗೆ ಹೋಗಿದ್ದಾರೆ. ಅದರ ಜೋಡಿ ಇನ್ನೊಂದು ಅಲ್ಲೇ ಇರಬಹುದೆಂಬ ಆಸೆ.

ಸಾಕು, ಬರೀ ನನ್ನದೇ ಆಯಿತು. ನಿನ್ನ ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಮಲಗುತ್ತಾರೋ ಹೇಗೆ? ಅಲ್ಲಿ ಮಾತಾಡದೆ ಕೂರುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ಒಮ್ಮೆ ಎಬ್ಬಿಸಿ ಪ್ರಶ್ನೆ ಕೇಳು, ಉತ್ತರ ಬರುವವರೆಗೆ ಕಾಯಿ. ನಿನ್ನ ಅವ್ವನಿಗೆ ನನ್ನ ಶರಣಾರ್ಥಿ ಹೇಳು. ಕಲಿಸುವ ಕೈ ದಣಿಯದಿರಲಿ, ಸೀಮೆಸುಣ್ಣದ ಪುಡಿ ನಿನ್ನ ಸೀರೆಗಳಿಗೆಲ್ಲ ಹತ್ತಲಿ.

ನಿನ್ನ,
ಅಕ್ಷತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳಿದೆ. ‘ಗೊತ್ತಾಗದೆ’ ಎಂದು ಬರೆದಿದ್ದೇನಲ್ಲ, ಅದು. ಕಿಲುಬು ಹಿಡಿದ ಗುಂಡಿಯನ್ನು ಹುಳಿಯಲ್ಲಿ ತೊಳೆಯಬಾರದು, ಅಕ್ಷರಗಳು ಹೋಗುತ್ತವೆ ಎಂದು ಆ ಪುಸ್ತಕದಲ್ಲಿ ಓದಿದ್ದೆ. ಗೊತ್ತಿದ್ದೇ ತಿಕ್ಕಿದೆ. ಅವಳ ಲೆನ್ಸ್ ಬರುವ ಮೊದಲು ತಿಕ್ಕಿದೆ.

ತಿಕ್ಕುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ ಕೂಡ. ಕೊಂಡಿಯ ಸುತ್ತ ದುಂಡಗೆ ಇಂಗ್ಲಿಷಿನಲ್ಲಿ ‘ಟ್ರೆಬಲ್ ಗಿಲ್ಟ್’ ಎಂದಿತ್ತು, ಕೆಳಗೆ ಎರಡು ಎಲೆಗಳ ಚಿಕ್ಕ ಬಳ್ಳಿ. ಮೂರು ಪಟ್ಟು ಚಿನ್ನದ ನೀರು ಕುಡಿಸಿದ್ದು ಎಂಬ ಜಂಬ. ಹೆಚ್ಚುಕಡಿಮೆ ನೂರೆಪ್ಪತ್ತು ವರ್ಷದ ಹಿಂದೆ ಹಾಗೆ ಜಂಬ ಕೊಚ್ಚುತ್ತಿದ್ದರಂತೆ ಗುಂಡಿ ಮಾಡುವವರು. ಇದ್ದದ್ದು ಇದ್ದಂತೆ ಒಂದು ಚೀಟಿಯ ಮೇಲೆ ಬರೆದುಕೊಂಡೆ.

ಇವತ್ತು ಬೆಳಿಗ್ಗೆ ಇವರು ಹೊರಡುವಾಗ ಬಾಗಿಲಲ್ಲಿ ನಿಂತು, “ಅಕ್ಷತಾ, ತೊಳಿಯೂ ಮುಂದ ಹಿಂದ ಏನರ ಬರದದ್ದು ನೋಡಿದ್ದೇನ?” ಎಂದು ಕೇಳಿದರು. ಚೀಟಿ ನನ್ನ ಸೆರಗಿನ ತುದಿಯಲ್ಲೇ ಇತ್ತು. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಸುಮಾ. ಅಷ್ಟರಲ್ಲಿ ಅವರೇ, “ಹೋಗ್ಲಿ ಬಿಡು, ನಿನಗ ಹೆಂಗ ಗೊತ್ತಾಗಬೇಕು” ಎಂದು, ಪ್ರೀತಿಯಿಂದಲೇ ನನ್ನ ಕೆನ್ನೆ ತಟ್ಟಿ ಲಿಫ್ಟಿಗೆ ಹೋದರು.

ಮೈಥಿಲಿಯ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೇ ತಣ್ಣಗಾಯಿತು. ಮೂರು ವರ್ಷ ಒಂದೇ ಮನೆಯಲ್ಲಿದ್ದವರು, ನನಗೆ ಗೊತ್ತಿರಬಹುದು ಎಂದು ಒಂದು ಕ್ಷಣವೂ ಸಂಶಯಪಡಲಿಲ್ಲವಲ್ಲ!

ಚೀಟಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಇಲ್ಲಿದ್ದರೆ ಕರುಣೆ ಬಂದು ಕೊಟ್ಟುಬಿಡುತ್ತೇನೆ. ಒಂದಲ್ಲ ಒಂದು ದಿನ ಇವರು ಮತ್ತೆ ಕೇಳಿ, ನನ್ನ ಉತ್ತರಕ್ಕೆ ಕಾದರೆ, ತಿರುಗಿ ಕಳಿಸೆಂದು ಬರೆಯುತ್ತೇನೆ. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ. ತೊಳೆಯಬೇಡ.