ಕಣ್ಣಾಸ್ಪತ್ರೆಯ ಮಸುಕು ಗಾಜು

ಮನೆಯಿಂದ,
ಮಾರ್ಚ್ ೩, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೊಂಟನೋವು ಕಡಿಮೆ ಆಯ್ತಾ? ಹೊಸ ಕೆಲಸದ ಕಡೆ ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೋ, ಇಲ್ಲ ಟೀ ಬನ್ನಿನಲ್ಲೇ ದಿನ ತಳ್ತೀಯೋ? ಸುಳ್ಳು ಬರೀಬೇಡ, ನಿನ್ನ ಅಕ್ಷರ ನೋಡಿದ್ರೇ ನಂಗೆ ಗೊತ್ತಾಗುತ್ತೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, ಮಾಮನಿಗೆ ತೋರಿಸ್ಬೇಕು ಅಂತ ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ನನಗೆ ಕನ್ನಡಕ ಬಂದಿದೆ. ನಗಬೇಡ. ಈ ಕಾಗದ ಬರೆಯೋ ಹಾಗಾಗಿದ್ದೇ ಆ ಕನ್ನಡಕದಿಂದ. ನಿನ್ನ ಭಾವನ ಹೆಸರು ಬಂದ ತಕ್ಷಣ ಹರಿದು ಎಸೆದ್ಯೋ, ಅಲ್ಲಿಗೇ ಬಂದು ಕಿವಿ ಹಿಂಡ್ತೀನಿ.

ನೀನು ಹೋದ ಮೇಲೆ ಕಣ್ಣಾಸ್ಪತ್ರೆ ಗಾಜಿನ ಮಾತು ಬಂದಾಗಲೆಲ್ಲ ನಮ್ಮಿಬ್ಬರಿಗೂ ಜಗಳವೇ. ನಿನ್ನ ಭಾವಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ನಿಂಗೊತ್ತು. ನೀನು ಗಾಜು ತೊಳೆದು ಬಂದ ಕೆಲವೇ ದಿನಕ್ಕೆ ಕೆಳಮಹಡಿಯದೆಲ್ಲ ಬೆಳ್ಳಗೆ ಮಸುಕಾಯ್ತಲ್ಲ, ಹಿಂದೆಮುಂದೆ ನೋಡದೆ "ಬಚ್ಚಲು ತೊಳೆಯೋ ಆಸಿಡ್ ಹಾಕಿ ಗಾಜು ಸುಟ್ಟಿದ್ದೀಯ" ಅಂತ ಡಾಕ್ಟರಮ್ಮನ ಎದುರೇ ನಿನ್ನ ತಲೆ ಮೇಲೆ ಗೂಬೆ ಕೂರಿಸಿದ್ರು. ನೀನೂ ಕಮ್ಮಿ ಇಲ್ಲ ಬಿಡು. "ಸೋಪುನೀರು ಬಿಟ್ಟು ಇನ್ನೇನೂ ಮುಟ್ಟಿಲ್ಲ" ಅಂದವನು, ರಾತ್ರಿ ಮನೇಲಿ ಮತ್ತೆ ಅದೇ ಮಾತು ಬಂದಾಗ ಅನ್ನದ ತಟ್ಟೆ ಬಿಟ್ಟೆದ್ದು ಬ್ಯಾಗು ಹೆಗಲಿಗೇರಿಸ್ದೆ. ನನ್ನ ತಮ್ಮ ಸುಳ್ಳು ಹೇಳೋನಲ್ಲ ಅಂತ ನಾನು ಎಷ್ಟು ಬಡ್ಕೊಂಡ್ರೂ, "ಹಾಗಾದ್ರೆ ಯಾಕೆ ಬೆಳ್ಳಗಾಯ್ತು, ಹೇಳು" ಅಂತಿದ್ರು. ನೀನು ಹೋದಾಗಿಂದ ಅವರು ಏಣಿ ಹತ್ತಿ ಗಾಜು ತೊಳೆಯೋ ಕೆಲಸನೇ ಒಪ್ಪಿಕೊಳ್ತಿಲ್ಲ. ನಿನ್ನ ಬದಲು ಕೆಳಗೆ ನಿಂತು ಏಣಿ ಹಿಡಿಯೋಕೆ ಯಾರು ಬಂದ್ರೂ ಏನೋ ಒಂದು ಕೊಂಕು ತೆಗೆದು ವಾಪಸ್ ಕಳಿಸೋದು. ನೆಲದ ಮೇಲೆ ನಿಂತು ಕೈಗೆ ಸಿಕ್ಕೋ ಗಾಜು ಮಾತ್ರ ತೊಳೀತಿದ್ರು.

ಹೋದ ಸೋಮವಾರ ಕಣ್ಣು ತೋರಿಸೋಕೆ ಅಂತ ಅದೇ ಆಸ್ಪತ್ರೆಗೆ ಹೋದೆ. ಬೇಗ ಹೋದ್ರೆ ಬೇಗ ಮುಗಿಯುತ್ತೆ ಅಂತ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ಕೂತಿದ್ದೆ. ಅಲ್ಲಿನ ಫಜೀತಿ ಕೇಳಬೇಕು ನೀನು! ಆಪರೇಷನ್ ಆದ ಒಬ್ಬ ಅಜ್ಜ ಪಟ್ಟಿ ಬಿಚ್ಚಿಸ್ಕೊಂಡು ಬಂದು, ಕಿಟಕಿ ಕಡೆ ತಿರುಗಿ, "ಅಯ್ಯೋ, ಇನ್ನೂ ಮಂಜು ಮಂಜಾಗೇ ಇದೆ, ನಾನು ಕೆಟ್ಟೆ" ಅಂತ ಅಳೋಕೇ ಶುರು ಮಾಡಿದ್ರು. ನರ್ಸು ಕೈ ಹಿಡಿದು ಹೊರಗೆ ಕರ್ಕೊಂಡು ಹೋಗಿ ಮರದೆಲೆ ತೋರಿಸಿದ ಮೇಲೇ ಸಮಾಧಾನ. ದಿನಾ ಇದೇ ಕಥೆಯಂತೆ. ನಂಗೆ ನಗುವೂ ಬಂತು, ಪಾಪವೂ ಅನ್ನಿಸ್ತು.

ಅಷ್ಟರಲ್ಲಿ ಹೊರಗೆ ಚಟಚಟ ಅಂತ ಸದ್ದು. ನೋಡ್ತೀನಿ, ಹೊಸ ಹುಲ್ಲಿಗೆ ನೀರು ಚಿಮ್ಮೋ ಯಂತ್ರ ಗಿರಗಿರ ತಿರುಗ್ತಾ ಪ್ರತಿ ಸುತ್ತಿಗೂ ಗಾಜಿಗೆ ಒಂದೊಂದು ಸಲ ನೀರು ಎರಚ್ತಿದೆ. ಬೋರಿನ ಗಡಸು ನೀರು. ಹಿಂದೇನೇ ಬಿಸಿಲು ಬಿತ್ತು, ಹನಿಗಳೆಲ್ಲ ಅಲ್ಲಲ್ಲೇ ಒಣಗಿ ಬಿಳೀ ಚುಕ್ಕೆ ಆದವು. ನಮ್ಮ ಟೀ ಕೆಟಲಿನ ತಳದಲ್ಲಿ ಕಟ್ಟುತ್ತಲ್ಲ, ಅದೇ ಸುಣ್ಣ ಕಣೋ! ದಡಬಡ ಮೇಲಿನ ಮಹಡಿಗೆ ಓಡಿದೆ. ಅಲ್ಲೂ ಅದೇ ದಿನ, ಅದೇ ಬಕೆಟ್ಟಿನಲ್ಲಿ, ಬಾಲ್ಕನಿಯಲ್ಲಿ ನಿಂತು ತೊಳೆದವನು ನೀನೇ ತಾನೆ? ಅಲ್ಲಿನ ಗಾಜು ಫಳಫಳ ಅಂತಿದೆ. ಯಂತ್ರದ ನೀರು ಅಷ್ಟೆತ್ತರ ಹೋಗಲ್ಲ. ಮಾಲಿಯನ್ನ ಕೇಳಿದೆ, ಹುಲ್ಲು ಹಾಸಿ ಆ ಯಂತ್ರ ಇಟ್ಟಿದ್ದು ನೀನು ತೊಳೆದ ವಾರವೇ ಅಂತೆ. ಕಣ್ಣು ತೋರಿಸೋದನ್ನೂ ಮರೆತು ಮನೆಗೆ ಓಡಿ ಬಂದೆ.

ನಿನ್ನ ಭಾವ ಮೊದಲು ಒಪ್ಪಲೇ ಇಲ್ಲ. "ನಿನ್ನ ಕೆಟಲಿಗೂ ನನ್ನ ಗಾಜಿಗೂ ಏನೇ ಸಂಬಂಧ?" ಅಂತ ರೇಗಿದ್ರು. ಬಾಯಿ ಮುಚ್ಚಿಕೊಂಡು ಬನ್ನಿ ಅಂತ ಎಳ್ಕೊಂಡೇ ಹೋದೆ. ಕೆಟಲಿಗೆ ಹಾಕೋ ವಿನೆಗರನ್ನೇ ಅರ್ಧಕ್ಕರ್ಧ ನೀರು ಬೆರೆಸಿ, ಬಟ್ಟೆ ಅದ್ದಿ, ಒಂದು ಮೂಲೆಗೆ ಅಂಟಿಸಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ ನೀರು ಹಾಕಿದ್ರೆ ಅಂಗೈಯಗಲ ಜಾಗದಲ್ಲಿ ಒಳಗಿನ ಕುರ್ಚಿ, ಗಡಿಯಾರ, ನರ್ಸಿನ ಮುಖ ಎಲ್ಲ ನಿಚ್ಚಳ! ನಿನ್ನ ಭಾವ ಬಟ್ಟೆ ಕಿತ್ಕೊಂಡು ಇನ್ನೊಂದು ಮೂಲೆಗೆ ತಾವೇ ಹಚ್ಚಿ ಒರೆಸಿ ನೋಡಿದ್ರು. ಆಮೇಲೆ ಮೆಟ್ಟಿಲ ಮೇಲೆ ಕೂತು, "ಅವನು ಹೇಳಿದ್ದು ನಿಜ" ಅಂದ್ರು. ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು ಕಣೋ. ಅಲ್ಲೇ, ಅಷ್ಟೂ ಜನರ ಎದುರು, ಗೊಳೋ ಅಂತ ಅತ್ತುಬಿಟ್ಟೆ. ಆ ಅಜ್ಜನ ಹಾಗೆ ನಂಗೂ ಆಪರೇಷನ್ ಕೆಟ್ಟಿದೆ ಅಂದ್ಕೊಂಡು ನರ್ಸು ಓಡಿ ಬಂದಳು.

ಈಗ ಗಾಜೆಲ್ಲ ಹಾಗೇ ತೊಳೆದಾಯ್ತು, ನನ್ನ ಕಣ್ಣೂ ತೋರಿಸಿಯಾಯ್ತು. ಯಂತ್ರದ ಮೂತಿ ಕಾಂಪೌಂಡ್ ಕಡೆ ತಿರುಗಿಸಿದ್ದಾರೆ. ಗಾಜಿನ ಪಕ್ಕದ ಗಿಡಗಳಿಗೆ ಪೈಪಿನಲ್ಲಿ ಬುಡಕ್ಕೇ ನೀರು. ತೊಳೆದ ಮೇಲೆ ಕೊನೇ ಸಲ ಫಿಲ್ಟರ್ ನೀರು ಹಾಕಿ, ಒಣಗೋಕೆ ಬಿಡದೆ ರಬ್ಬರ್ ಪಟ್ಟಿಯಿಂದ ಎಳೆದುಬಿಡಬೇಕು ಅಂತ ನಿನ್ನ ಭಾವ ಮಾಲಿಗೂ ಆಯಾಗೂ ಪಾಠ ಮಾಡಿದ್ದೇ ಮಾಡಿದ್ದು, ತಾನೇ ಕಂಡುಹಿಡಿದವರ ಹಾಗೆ! ಬಾಗಿಲ ಪಕ್ಕದ ಒಂದು ಗಾಜಿನ ತಳದಲ್ಲಿ ಮಾತ್ರ ಮಸುಕು ಉಳಿದಿದೆ. ಬಹಳ ದಿನ ಬಿಟ್ಟಿದ್ದಕ್ಕೆ ಅಲ್ಲಿ ಸುಣ್ಣ ಗಾಜನ್ನೇ ತಿಂದಿದೆಯಂತೆ. ಇನ್ನೂ ತಡ ಮಾಡಿದ್ದಿದ್ರೆ ಯಾವ ಗಾಜಿನ ಮಸುಕೂ ಹೋಗ್ತಿರಲಿಲ್ಲ ಅಂತ ಅವರು ಆವತ್ತಿಂದ ಒಂದೇ ಸಮನೆ ಹೇಳ್ತಿದ್ದಾರೆ. ಡಾಕ್ಟರಮ್ಮನೂ ನಿನ್ನ ಹೆಸರು ಹೇಳಿ, "ಪಾಪ, ಆ ಹುಡುಗಂಗೆ ಅನ್ಯಾಯ ಆಯ್ತು" ಅಂದ್ರು.

ಹೊಟ್ಟೆ ತುಂಬ ಉಣ್ಣು, ಸೊಂಟಕ್ಕೆ ಬಿಸಿನೀರು ಹಾಕ್ಕೋ. ನೂರು ಕಾಲ ಚೆನ್ನಾಗಿ ಬಾಳಪ್ಪಾ. ಪುಟ್ಟಿಯ ಬೊಚ್ಚುಬಾಯಿ ಮುತ್ತು ನಿನಗೆ.

ನಿನ್ನ,
ಅಕ್ಕ

ತಾ.ಕ.: ಕಾಗದ ಮಡಚೋವಾಗ ನಿನ್ನ ಭಾವ ಬಂದು, "ಬಾ ಅಂತ ಬರೆದ್ಯಾ?" ಅಂದ್ರು. ಬೈದವರೇ ಬರೀಲಿ ಅಂದೆ. ಪೆನ್ನು ಕಿತ್ಕೊಂಡು ಕೂತಿದ್ದಾರೆ. ಕೆಳಗಿನ ಸೊಟ್ಟ ಅಕ್ಷರ ಅವರದು.

ಮೇಲಿನ ಮಹಡಿ ಗಾಜು ತೊಳೆಯೋ ಕೆಲಸಗಳು ಬಂದಿವೆ. ನೀನು ಕೆಳಗೆ ಹಿಡ್ಕೊಂಡಿರದೆ ಏಣಿ ಹತ್ತೋಕೆ ನಂಗೆ ಭಯ ಕಣೋ. ತಪ್ಪು ನಂದು. ಬಾ.