ಉರಿದದ್ದೇ ಅಸಲಿ

ಎಲ್ಮಿನಾ
ಆಗಸ್ಟ್ ೧೪

ಪ್ರೀತಿಯ ಮಗಳು ಎವುರಾಮಾಗೆ,

ನಾನು ಚೆನ್ನಾಗಿದ್ದೇನೆ. ನೀನೂ ಹೊಟ್ಟೆಯಲ್ಲಿರುವ ಕೂಸೂ ಹಾಗೆಯೇ ಇರಿ. ಉತ್ತರ ತಡವಾಯಿತು, ಬೈಯಬೇಡ. ಸಿಸೇರಿಯನ್ನಿಗೆ ಬ್ರಾಂಡ್ ಕಂಪನಿಯ ಆಂಟಿಬಯೋಟಿಕ್ಕೇ ಬೇಕು, ಹೇಗಾದರೂ ಕಳಿಸು ಎಂದು ಬರೆದಿದ್ದೆಯಲ್ಲ, ನಮ್ಮ ಔಷಧಿ ಪರೀಕ್ಷೆಯ ಫಲಿತಾಂಶ ಬರಲಿ ಎಂದು ಕಾದೆ. ಬಂದಿದೆ. ಔಷಧಿ ಕಳಿಸುವುದಿಲ್ಲ. ಅಮ್ಮ ಜಿಪುಣಿ ಅನ್ನಬೇಡ, ಕಾರಣ ಕೇಳು.

ನಮ್ಮ ಆಸ್ಪತ್ರೆಗೆ ಆಪರೇಷನ್ನಿಗೆ ಬಂದವರಲ್ಲಿ ಒಪ್ಪಿದವರನ್ನು ಎರಡು ಗುಂಪು ಮಾಡಿದೆವು. ಒಂದು ಗುಂಪಿಗೆ ಬ್ರಾಂಡಿನದು, ಇನ್ನೊಂದಕ್ಕೆ ಸರ್ಕಾರ ಪುಕ್ಕಟೆ ಕೊಡುವ, ಅದೇ ಔಷಧಿಯ ಜೆನೆರಿಕ್. ಸೀಸೆಯ ಹೆಸರು ಮುಚ್ಚಿದ್ದರಿಂದ ಯಾರಿಗೆ ಯಾವುದೆಂದು ನನಗೂ ತಿಳಿಯದು. ವಾರ್ಡಿನವರು ಸುಮ್ಮನಿರುತ್ತಾರೆಯೇ? ಚುಚ್ಚಿದಾಗ ಉರಿದರೆ ಅಸಲಿ, ಉರಿಯದಿದ್ದರೆ ಸರ್ಕಾರದ್ದು ಎಂದು ತೀರ್ಪು ಕೊಟ್ಟೇಬಿಟ್ಟರು.

ಹರ್ನಿಯಾಕ್ಕೆ ಬಂದಿದ್ದ ಮೀನು ಮಾರುವ ಹೆಂಗಸು ಮಾಮೆ ಎಫುವಾ ಹಾಸಿಗೆಯಿಂದಲೇ ಕೂಗಿದರು: "ಮೆಣಸಿನಕಾಯಿ ಅರೆದು ಹುಯ್ದಂಗೆ ಉರೀತು ಡಾಕ್ಟರಮ್ಮ! ನಂದು ಅಸಲಿ. ಪಾಪ, ಪಕ್ಕದ ಟೀಚರಮ್ಮಂಗೆ ಸೊಳ್ಳೆ ಕಚ್ಚಿದಷ್ಟೂ ಆಗಿಲ್ವಂತೆ!"

ಟೀಚರಮ್ಮ ಅಳಲು ಶುರು ಮಾಡಿದಳು. ಅವಳ ಗಂಡ ಹೊರಗಿನಿಂದ ಬೇರೆ ಔಷಧಿ ತರಲು ಹೊರಟೇ ನಿಂತ. "ಎಲ್ಲಿಗಪ್ಪಾ? ಗಾಯ ನಾನು ನೋಡ್ಕೋತೀನಿ, ನೀನು ಹೆಂಡತೀನ ನೋಡ್ಕೋ" ಎಂದು ಕೂರಿಸಿದೆ. ಹೊಲಿಗೆ ಬಿಚ್ಚುವಾಗ ಇಬ್ಬರ ಗಾಯವೂ ಒಣಗಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಮೊನ್ನೆ ಹೆಸರು ತೆರೆದರೆ ಮಾಮೆಗೆ ಉರಿದದ್ದು ಜೆನೆರಿಕ್, ಟೀಚರಮ್ಮನದು ಬ್ರಾಂಡ್! "ಹಂಗಾದ್ರೆ ಉರೀನೂ ಪುಕ್ಕಟೆ ಕೊಟ್ರಿ ಅನ್ನಿ!" ಎಂದು ಫಲಿತಾಂಶ ಕೇಳಲು ಬಂದಿದ್ದ ಮಾಮೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಯ ಕೀವಾದವರು ಎರಡೂ ಗುಂಪಿನಲ್ಲಿ ಕೆಲವರೇ, ಹೆಚ್ಚುಕಡಿಮೆ ಸಮ.

ಕುಮಾಸಿಯ ನಿನ್ನ ಡಾಕ್ಟರನ್ನು ಒಂದೇ ಮಾತು ಕೇಳು: ಕೊಯ್ಯುವ ಮೊದಲೇ ಔಷಧಿ ಕೊಡುತ್ತೀರಾ? ಕೀವು ತಡೆಯುವುದು ಕಂಪನಿಯ ಹೆಸರಲ್ಲ, ಹೊತ್ತಿಗೆ ಸರಿಯಾಗಿ ಕೊಡುವುದು; ಹೌದೆಂದರೆ ನಿಶ್ಚಿಂತೆಯಾಗಿ ಮಲಗು. ನಿನ್ನ ಗಂಡ ಕೋಬಿನಾ ಅಸಲಿಯೇ ಬೇಕೆಂದು ಕುಣಿದರೆ ಈ ಕಾಗದ ಅವನ ಕೈಗೆ ಕೊಡು.

ಸುಖವಾಗಿ ಹೆತ್ತು ಎದ್ದು ಓಡಾಡು. ದೇವರು ನಿಮ್ಮ ಮನೆಯನ್ನು ನಗಿಸುತ್ತಿರಲಿ.

ನಿನ್ನ ಅಮ್ಮ,
ಎಕುವಾ

ಇನ್ನೊಂದು ಮಾತು: ಕೂಸಿಗೆ ನೀರು ಹಾಕಲು ನಿನ್ನ ಅತ್ತೆ ಬರುತ್ತಾರೆಂದು ನಿನ್ನ ಚಿಕ್ಕಮ್ಮನಿಂದ ತಿಳಿಯಿತು. ಮೊದಲ ಕೂಸಿಗೆ ನೀರು ಹಾಕುವವಳು ಹೆತ್ತವಳ ತಾಯಿ ಅಲ್ಲವೇ? ನಾನು ರಜೆಗೆ ಬರೆದುಕೊಟ್ಟು, ಕೂಸಿನ ಮೈಗೆ ಹಚ್ಚಲು ಶಿಯಾ ಕಾಯಿಯ ಬೆಣ್ಣೆ ತಂದಿಟ್ಟು ಕೂತಿದ್ದೇನೆ. ಔಷಧಿ ಕಳಿಸು, ಔಷಧಿ ಕಳಿಸು ಎಂದು ಅಷ್ಟು ಬರೆದವಳು, ಅಮ್ಮಾ ನೀನು ಬಾ ಎಂದು ಎಲ್ಲಿಯೂ ಬರೆಯಲಿಲ್ಲ.